ಬೆಳ್ಳಿ ಬಿಲ್ಲೆ

ಎಕ್ಸ್‌ರೇ ಕೋಣೆಯಲ್ಲಿ ಇಷ್ಟು ವರ್ಷ ಕಳೆದರೂ ಮಕ್ಕಳನ್ನು ಕರೆತಂದರೆ ನನಗೆ ಕೈಕಾಲು ಆಡುವುದಿಲ್ಲ. ಅದನ್ನು ಮುಚ್ಚಲು ದೊಡ್ಡವರ ಮೇಲೆ ರೇಗುತ್ತೇನೆ. ಅವರು ನುಂಗಿ ಬರುವುದು ನಾಣ್ಯ, ಪಿನ್ನು, ಒಮ್ಮೆ ಮೂಗುಬಟ್ಟಿನ ತಿರುಪು. ಹೊನ್ನಾವರದ ಮಕ್ಕಳು ನುಂಗದೆ ಬಿಟ್ಟದ್ದು ಶರಾವತಿ ಸೇತುವೆಯೊಂದೇ ಎಂದು ನಮ್ಮ ಡಾಕ್ಟರು ನಗುತ್ತಾರೆ.

ಆ ದಿನ ಅವರು ಕುಮಟೆಗೆ ಹೋಗಿದ್ದರು. ಒಂದೂವರೆ ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ತಾಯಿ, ಜೊತೆಗೆ ಅವಳ ಅತ್ತೆ, ಅಂದರೆ ಮಗುವಿನ ಅಜ್ಜಿ, ಬಂದರು. ಮಗು ಏನನ್ನೋ ಬಾಯಿಗೆ ಹಾಕಿಕೊಂಡಿತ್ತಂತೆ. ಆಮೇಲೆ ಹಾಲು ಕುಡಿಯುತ್ತಿಲ್ಲ, ಜೊಲ್ಲು ನಿಲ್ಲುತ್ತಿಲ್ಲ. ಕೊರಳ ಕೆಂಪು ದಾರದಲ್ಲಿ ಇಡಗುಂಜಿ ದೇವಸ್ಥಾನದಿಂದ ತಂದ ಬೆಳ್ಳಿಯ ಬಿಲ್ಲೆಯಿತ್ತು.

"ಅದನ್ನ ತೆಗೀರಿ, ಫೋಟೋದಲ್ಲಿ ಬರ್ತದೆ," ಎಂದೆ.

"ದೇವರ ಮುಂದೆ ಕಟ್ಟಿದ್ದು. ತೆಗೂಕೆ ಬಿಡೂದಿಲ್ಲ. ನೀ ಎಂತ ಬೇಕಾರೂ ಮಾಡು," ಎಂದರು ಅಜ್ಜಿ.

ವಾದ ಮಾಡುವಷ್ಟು ತಾಳ್ಮೆ ನನಗಿರಲಿಲ್ಲ. ಅಜ್ಜಿಯನ್ನು ಹೊರಗೆ ಕೂರಿಸಿದೆ. ಮಗುವನ್ನು ಹಿಡಿದುಕೊಳ್ಳಲು ತಾಯಿಗೆ ಹೇಳಿ, ಗಾಜಿನ ಹಿಂದೆ ಹೋಗಿ, ಅತ್ತ ಸರಿಯಾಗಿ ನೋಡದೆ ಗುಂಡಿ ಒತ್ತಿದೆ. ಪರದೆಯ ಮೇಲೆ ಕೊರಳ ಬುಡದಲ್ಲಿ ದುಂಡಗಿನದೊಂದು ಬೆಳ್ಳಗೆ ಕಂಡಿತು.

"ನೋಡಿ, ಬಿಲ್ಲೆ ಬಂದದೆ. ಬೇರೆ ಎಂತದೂ ಇಲ್ಲ. ಬಾಳೆಹಣ್ಣು ತಿನ್ನಿಸಿ," ಎಂದು ಅಜ್ಜಿಯ ಎದುರೇ ಹೇಳಿ ಕಳಿಸಿದೆ. ತಾಯಿ ನನ್ನ ಮುಖವನ್ನೇ ನೋಡಿದಳು, ಮಗುವಿನ ಕೊರಳವರೆಗೆ ಟವೆಲು ಹೊದೆಸಿದಳು.

ಮನಸ್ಸು ನಿಲ್ಲಲಿಲ್ಲ. ಕೂತೆ, ಎದ್ದೆ, ಮತ್ತೆ ಚಿತ್ರ ತೆರೆದೆ. ಬಿಲ್ಲೆಗೆ ದಾರ ಪೋಣಿಸುವ ಕೊಂಡಿ ಇರಬೇಕಲ್ಲ? ಇರಲಿಲ್ಲ. ಅಂಚಿನ ಒಳಗೆ ಇನ್ನೊಂದು ಬಳೆಯಂಥ ಗೆರೆ ಇತ್ತು. ಆಟಿಕೆಯ ಬಟನ್ ಬ್ಯಾಟರಿ ಹಾಗೆ ಕಾಣುತ್ತದೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಂದೆರಡು ತಾಸಿನಲ್ಲೇ ಒಳಗಿಂದ ಸುಡುತ್ತದೆ. ನಾನು ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದೆ.

ಅವರು ರಿಕ್ಷಾ ಹತ್ತುತ್ತಿದ್ದರು. ಮಗುವಿಗೆ ಹೊದೆಸಿದ್ದ ಟವೆಲು ಸರಿದಿತ್ತು, ಕೊರಳು ಬೋಳಾಗಿತ್ತು. ತಾಯಿಯ ಮುಷ್ಟಿಯಿಂದ ಕೆಂಪು ದಾರ ಜೋತಾಡುತ್ತಿತ್ತು.

ಅವರನ್ನು ಇಳಿಸಿ ಒಳಗೆ ಕರೆತಂದೆ. ಡಾಕ್ಟರು ಫೋನಿನಲ್ಲೇ ಚಿತ್ರ ನೋಡಿ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು. ನನಗೆ ಊಟ ಸೇರಲಿಲ್ಲ. "ಭಟ್ಕಳ ದಾಟಿತಾ?" ಎಂದು ಡ್ರೈವರಿಗೆ ಮೂರು ಸಲ ಫೋನ್ ಮಾಡಿ ಬೈಸಿಕೊಂಡೆ. ಮಗುವಿಗೆ ಏನಾದರೂ ಆದರೆ ಅದು ನನ್ನದೇ ತಪ್ಪು ಎಂದು ಹೆದರಿಕೆಯಾಗಿತ್ತು.

ಸಂಜೆ ತಾಯಿಯ ಫೋನ್ ಬಂತು. "ತೆಗೆದ್ರು ಅಕ್ಕಾ. ಒಳಗೆ ಸುಟ್ಟದೆ, ತೂತು ಬಿದ್ದಿಲ್ಲ ಅಂದ್ರು. ನೀವು ಓಡಿ ಬಂದದ್ದಕ್ಕೆ ಉಳೀತು."

"ಮೊದಲು ವಾಪಸ್ ಕಳಿಸಿದ್ದೂ ನಾನೇ," ಎಂದೆ. ಹೇಳದೆ ಇರಲಾಗಲಿಲ್ಲ.

ಅವಳು ದನಿ ತಗ್ಗಿಸಿ, "ಫೋಟೋಕ್ಕೆ ಮೊದ್ಲೇ ಬಿಚ್ಚಿದ್ದೆ. ನೀವು ಬಿಲ್ಲೆ ಅಂದಾಗ ಅದು ನನ್ನ ಕೈಲೇ ಇತ್ತು ಅಕ್ಕಾ. ಅತ್ತೆ ಎದುರಿಗಿದ್ರು," ಎಂದಳು.