ಕಾಮನ ಕೆಂಡ, ಗುಡ್ಡದ ಗಾಳಿ

ನಮ್ಮ ಮನಿಯವರಿಗೆ ಗಿಡದ ಹುಚ್ಚು ಹತ್ತಿದ್ದು ತಳೇಗಾಂವದ ಫ್ಯಾಕ್ಟರಿಯಿಂದ ರಿಟೈರ್ ಆದಮ್ಯಾಲೆ. ಅವರ ಹೆಸರು ನಾ ಹೇಳಂಗಿಲ್ಲ. ಬಾಜೂ ಮನಿ ಪ್ರಲ್ಹಾದ ಇವರಿಗೆ "ನಿಜಲಿಂಗಪ್ಪ ಕಾಕಾ" ಅಂತಾನ. ಇನ್ನರೆ ಆರಾಮ ಕೂಡ್ತಾರ ಅಂದ್ಕೊಂಡಿದ್ದೆ. ಎಲ್ಲೀ ಆರಾಮ! ಕಾಲನಿ ಹಿಂದಿನ ಬೋಳು ಗುಡ್ಡದ ಮ್ಯಾಲೆ ಬೇವು, ಹೊಂಗಿ, ಹುಣಸಿ ಹಚ್ಚಿದ್ರು. ಕ್ಯಾನಿನಾಗ ನೀರು ಹೊತ್ತು ಹೊತ್ತು ನನ್ನ ಮೊಣಕಾಲು ಹೋದ್ವು. ಬೈತಿದ್ದೆ, ಆದ್ರ ಹೋಗ್ತಿದ್ದೆ. ಮಕ್ಕಳಿಲ್ಲದ ಮನಿಯಾಗ ಸಂಜೀಕ ಮಾತಾಡಾಕ ಏನರೆ ಬೇಕಲ್ಲ.

ಗಿಡಕ್ಕ ವೈರಿ ಅಂದ್ರ ಬೆಂಕಿ. ಸಂಕ್ರಾಂತಿ ದಾಟಿದ್ರ ಗುಡ್ಡದ ಹುಲ್ಲು ಒಣಗಿ ಚರಚರ ಅಂತದ. ಯಾರರೆ ಬೀಡಿ ಒಗದ್ರೂ ಸಾಕು. ಅದಕ್ಕ ಇವರು ವರ್ಷಾ ವರ್ಷಾ ಗಿಡದ ಸುತ್ತಲಿನ ಒಂದು ಪಟ್ಟಿ ಹುಲ್ಲು ತಾವ ಮೊದಲ ಸುಟ್ಟುಬಿಡ್ತಿದ್ರು. ಮುಂದ ಬಂದ ಬೆಂಕಿಗೆ ಅಲ್ಲಿ ತಿನ್ನಾಕ ಏನೂ ಉಳಿಯಂಗಿಲ್ಲ. ವಿಚಾರ ಛಲೋನ ಇತ್ತು. ಆದ್ರ ಸುಡೂ ದಿನ ಯಾವುದು? ಹೋಳಿ ದಿನ. ನಮ್ಮ ಧಾರವಾಡ ಕಡೆ ಕಾಮನ ಸುಟ್ಟ ಕೆಂಡ ಮನೀಗೆ ತಂದು ಒಲಿ ಹಚ್ಚಿ, ಅದರಾಗ ಕಡ್ಲಿ ಹುರೀತಾರ. ಇಲ್ಲಿ ಮರಾಠಿ ಸೀಮ್ಯಾಗೂ ನಾವು ನಾಕು ಕನ್ನಡದ ಮನಿಯವರು ಕೂಡಿ ಕಾಮನ ಸುಡ್ತೇವಿ. ಒಲಿಗೆ ಒಂದಿಷ್ಟು ಕೆಂಡ, ಗುಡ್ಡಕ್ಕ ಒಂದಿಷ್ಟು. ಆ ಬೆಂಕಿಯಿಂದ ಗಿಡಕ್ಕ ಕೆಡಕಾಗಂಗಿಲ್ಲ ಅಂತ ಇವರ ನಂಬಿಕಿ. ನಂದೂ.

ಹೋದ ವರ್ಷ ಆ ದಿನ ಭಾಳ ಧಗಿ. ತುಟಿ ಒಣಗಿ ಸೀಳಿದ್ವು. ಬಣ್ಣದ ಗದ್ದಲ ಮುಗಿಸಿ, ಬೂದಿಯಾಗ ಮುಚ್ಚಿಟ್ಟ ಕೆಂಡ ತಗೊಂಡು ಗುಡ್ಡ ಏರೂದ್ರಾಗ ಪಶ್ಚಿಮಕ್ಕ ಘಾಟಿನ ಮ್ಯಾಲೆ ಕರೀ ಮೋಡ ಎದ್ದಿತ್ತು. ಗಾಳಿ ತಿರುಗ್ತದ, ಇವತ್ತು ಬ್ಯಾಡ ಅಂತ ಪ್ರಲ್ಹಾದ ಮರಾಠಿಯಾಗ ಹೇಳಿದ. ನಾಡಿದ್ದು ಹಚ್ಚಿದ್ರ ಅದು ಕಾಮನ ಕೆಂಡ ಹೆಂಗಾದೀತು ಅಂದ್ರು ಇವರು.

ಗಾಳಿ ಉತ್ತರದಿಂದ ಬೀಸ್ತಿತ್ತು. ಬೆಂಕಿ ಸಣ್ಣ ಮೂತಿ ಮಾಡ್ಕೊಂಡು, ಗಿಡ ಬಾಜೂಕ ಬಿಟ್ಟು, ಪಟ್ಟಿ ಉದ್ದಕ್ಕ ಸುಮ್ನ ಹೊಂಟಿತ್ತು. ಹಸಿ ಗೋಣಿಚೀಲಲೆ ಅದರ ಅಂಚು ಬಡಕೋತ ನಾವು ಹಿಂದ ಹೊಂಟಿದ್ವಿ. ಒಮ್ಮೆಲೆ ಗಾಳಿ ನಿಂತುಬಿಟ್ಟಿತು. ಹೊಗಿ ನೆಟ್ಟಗ ಮ್ಯಾಲೆ ಎದ್ದಿತು. ಆಮ್ಯಾಲೆ ಮೋಡದ ಕಡಿಂದ ತಣ್ಣನ ಗಾಳಿ ಬಂತು. ಮೈಗೆ ಹಿತಾನೂ ಆತು ನೋಡ್ರಿ. ಅಷ್ಟರಾಗ ಮುಂದಿದ್ದ ಸಣ್ಣ ಮೂತಿ ಹೋಗಿ, ಬೆಂಕಿಯ ಉದ್ದನ್ನ ಮಗ್ಗಲ ಪೂರಾ ಮೂತಿ ಆತು. ಆ ತುದಿಯಿಂದ ಈ ತುದಿ ತನಕ ಒಂದ ಸಲಕ್ಕ ಗಿಡದ ಕಡೆ ತಿರುಗಿತು. ಮಳಿ ನಾಕು ಹನಿ ಉದುರಿಸಿ ಹೋತು. ಇವರು ಇನ್ನೂ ಬಡೀತನ ಇದ್ರು. ಪ್ರಲ್ಹಾದ ಇವರ ರಟ್ಟಿ ಹಿಡದು ಎಳಕೊಂಡು ಬಂದ.

ಒಂದ ಗಿಡನೂ ಉಳೀಲಿಲ್ಲ. ಇವರು ಕರ್ರಗಾದ ಬೇವಿನ ಬುಡಕ್ಕ ಕೂತು ನನ್ನ ಕೇಳಿದ್ರು: "ಕಾಮನ ಕೆಂಡ ಅಲ್ಲೇನ ಭೀಮವ್ವಾ, ಹಿಂಗ್ಯಾಕ ಮಾಡ್ತು?"

ನಾ ಅವರ ಕೈಯಾಗಿನ ಗೋಣಿಚೀಲ ಬಿಡಿಸಿ ತಗೊಂಡೆ.

ಮಳಿಗಾಲದಾಗ ಮತ್ತ ಸಸಿ ಹಚ್ಚಿದ್ರು. ಮತ್ತ ಅದ ಕ್ಯಾನು, ಮತ್ತ ಅದ ಮೊಣಕಾಲು. ಸಾಕಾಗೇದ್ರಿ, ಖರೇನ ಸಾಕಾಗೇದ. ಆದ್ರ ಸಸಿ ಮೊಣಕಾಲುದ್ದ ಆಗ್ಯಾವ. ಇನ್ನೊಮ್ಮೆ ಸುಟ್ರ ಇವರು ಏಳಂಗಿಲ್ಲ, ಅದು ನನಗ ಗೊತ್ತು.

ಈ ವರ್ಷ ಕಾಮನ ಸುಟ್ಟ ಮ್ಯಾಲೆ ಇವರು ಶೇಗಡಿಯಾಗ ಕೆಂಡ ತಂದು ಬಾಗಿಲದಾಗ ನಿಂತ್ರು. ಗುಡ್ಡದ ಹುಲ್ಲು ಹೋದ ವರ್ಷದಂಗ ಒಣಗಿತ್ತು. ಗಾಳಿ ಮಾತ್ರ ಒಂದ ಎಲೀನೂ ಅಲುಗಾಡಸ್ತಿರಲಿಲ್ಲ. ಇಂಥಾ ದಿನಾನ ಹಚ್ಚಬೇಕು ಅನ್ನಸೂವಷ್ಟು ಶಾಂತ. ಇವರು ಗುಡ್ಡ ನೋಡಿದ್ರು, ನನ್ನ ನೋಡಿದ್ರು.

ಮದುವ್ಯಾದಾಗಿಂದ ಆ ಕೆಂಡ ನಾ ಒಮ್ಮೆನೂ ಆರಿಸಿಲ್ಲ. ಆರಿಸೂದು ಅಪಶಕುನ ಅಂತ ನಮ್ಮವ್ವ ಹೇಳಿದ್ಳು. ಒಳಗಿಂದ ತಂಬಿಗಿ ನೀರು ತಂದು ಶೇಗಡಿಯಾಗ ಸುರುವಿದೆ. ಇವರು ಮಾರಿ ತಗ್ಗಿಸಿ ಹಸಿ ಬೂದಿ ನೋಡ್ಕೋತ ನಿಂತ್ರು.

"ಕುಡಗೋಲು ಎರಡೂ ತಗೋರಿ," ಅಂದೆ. "ಪಟ್ಟಿ ಹುಲ್ಲು ಕೊಯ್ಯೂಣು."

ಆ ದಿನ ಕಡ್ಲಿ ಹುರೀಲಿಲ್ಲ. ಕಡ್ಡಿ ಗೀರಿ ಒಲಿ ಹಚ್ಚಿ ಚಹಾ ಮಾಡಿದೆ, ಕುಡದು ಇಬ್ಬರೂ ಗುಡ್ಡ ಏರಿದ್ವಿ.