ಚೆನ್ನಮ್ಮನ ಸೆರಗಿನ ಲಾಡು

ಕಳೆದ ತಿಂಗಳ ಒಂದು ಭಾನುವಾರ, ಅಂಜನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರು ಹೆಂಗಸರಿದ್ದೆವು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಸೋದರತ್ತೆ ಗೌರಮ್ಮ, ಎರಡು ದಿನಕ್ಕೆಂದು ಬಂದು ಹದಿನೈದು ದಿನವಾದರೂ ಗಂಡನ ಮನೆಗೆ ಮರಳದ ಅಣ್ಣನ ಮಗಳು ಸುಧಾ, ಇವರಿಬ್ಬರ ನಡುವೆ ಏನೂ ಅರಿಯದವಳಂತೆ ಕಾಫಿ ಹೀರುತ್ತಿದ್ದ ನಾನು. ಆಗ ಈರುಳ್ಳಿ ಮಾರುವ ಆಟೋ ಒಂದು ಹಾಡು ಹಾಕಿಕೊಂಡು ಬೀದಿಗೆ ಬಂತು. ಎದೆಗೆ ಗುದ್ದುವಂಥ ಡ್ರಮ್ಮು. ಅದರ ಮೇಲೆ ಗಂಡುದನಿಯೊಂದು ಉಸಿರು ಬಿಡದೆ ಮಾತಾಡುತ್ತಿತ್ತು. ಅದು ನಿಂತ ಕಡೆ ಒಂದು ಹೆಣ್ಣುದನಿ, ಜೇನಿನಂಥದ್ದು, ಎತ್ತಿಕೊಂಡಿತು:

ಆನವಟ್ಟಿ ಚೆನ್ನಮ್ಮ ಬಡಿಸಾಕೆ ಬಂದಾಳೆ
ಸೆರಗೊಮ್ಮೆ ಬಿಚ್ಚಿ ನೋಡಿರೇ
ಬುಟ್ಟಿಯ ಲಾಡು ಎಲೆಗೇ ಬೀಳಲಿಲ್ಲ
ಸೆರಗಲ್ಲಿ ಅಡಗ್ಯಾವೆ ನೋಡಿರೇ

ಸುಧಾ ಎದ್ದು ಒಳಗೆ ಹೋದಳು. ಗೌರತ್ತೆ ಮೊರ ಕೆಳಗಿಟ್ಟರು.

"ಯಾರೇ ಅದು, ನನ್ನ ಪದ ಹಾಡೋಳು?"

ಉತ್ತರ ನನ್ನಲ್ಲಿತ್ತು. ಒಂದು ತಿಂಗಳಿಂದ ಅವರಿಂದ ಮುಚ್ಚಿಟ್ಟಿದ್ದೆ.

ನಮ್ಮ ಕಡೆ ಮದುವೆಯ ಭೂಮದ ಊಟ ನೋಡಿದ್ದೀರೋ ಇಲ್ಲವೋ. ಹೆಣ್ಣಿನವರು, ಗಂಡಿನವರು ಒಟ್ಟಿಗೆ ಕೂತು ಉಣ್ಣುವಾಗ ಹೆಂಗಸರು ಬೀಗರನ್ನು ಹಾಡಿನಲ್ಲೇ ಬೈಯುತ್ತಾರೆ. ಸುಮ್ಮನೆ ಬೈಯುವುದಲ್ಲ, ಹೆಸರು ಹಿಡಿದು, ಊರು ಹಿಡಿದು. ಬೀಗಿತ್ತಿಯನ್ನು ಕಳ್ಳಿ ಎನ್ನಬಹುದು, ಹೊಟ್ಟೆಬಾಕಿ ಎನ್ನಬಹುದು. ಆಕೆಯೂ ಬಿಡುವುದಿಲ್ಲ, ಎರಡರಷ್ಟು ತಿರುಗಿಸುತ್ತಾಳೆ. ಆದರೆ ಪದಕ್ಕೊಂದು ಕೊನೆಯ ನುಡಿ ಇದೆ. "ಬೈದೆನೆಂದೆನಬ್ಯಾಡ ಬೀಗಿತ್ತಿ ಚೆನ್ನಮ್ಮ, ನಮ ಕೂಸಿಗಿನ್ನು ನೀ ಹಡೆದವ್ವ" ಎಂದು ಹಾಡಿ, ಬೈದವರೇ ಬೈಸಿಕೊಂಡವರ ಬಾಯಿಗೆ ಸಕ್ಕರೆ ಹಾಕಬೇಕು. ಅಲ್ಲಿಗೆ ಬೈಗುಳ ಇಳಿಯಿತು. ಕೊನೆಯ ನುಡಿ ಹಾಡದೆ ಎಲೆ ಬಿಟ್ಟು ಏಳಬಾರದು ಎಂಬುದು ಗೌರತ್ತೆ ನನಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಮಗ್ಗಿಗಿಂತ ಮೊದಲೇ ನಾನು ಬೈಯಲು ಕಲಿತವಳು. ಮಗ್ಗಿ ಈಗಲೂ ಹನ್ನೆರಡಕ್ಕೆ ನಿಲ್ಲುತ್ತದೆ.

ಹೋದ ವರ್ಷ ಸುಧಾಳ ಮದುವೆಯಲ್ಲಿ ಅವಳ ಅತ್ತೆ ಚೆನ್ನಮ್ಮನವರನ್ನು ಗೌರತ್ತೆ ಹೀಗೇ ಬೈದರು. ಚೆನ್ನಮ್ಮ ಆನವಟ್ಟಿ ಹತ್ತಿರದ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವರು. ಬಡಿಸುವ ಕೈಯವರಾದ್ದರಿಂದಲೇ ಲಾಡಿನ ಮಾತು ಬಂತು. ಅವರೇನು ಕಮ್ಮಿಯೇ? ಗೌರತ್ತೆಯ ಬಾಯಿ ಊರ ಬಾವಿಗಿಂತ ಅಗಲ, ಹಗ್ಗ ಬಿಟ್ಟರೂ ತಳ ಸಿಗದು ಎಂದು ಹಾಡಿ, ನಮ್ಮನ್ನೆಲ್ಲ ನಗಿಸಿ ನಗಿಸಿ ಅಳಿಸಿದರು. ಆಮೇಲೆ ಸಕ್ಕರೆ ತಿಂದು ಇಬ್ಬರೂ ಒಂದೇ ಎಲೆಯಲ್ಲಿ ಉಂಡರು.

ಇದನ್ನೆಲ್ಲ ಫೋನಿನಲ್ಲಿ ಹಿಡಿದವನು ನನ್ನ ಅಕ್ಕನ ಮಗ ಮಂಜ. ಶಿರಾಳಕೊಪ್ಪದಲ್ಲಿ ಅವನಿಗೆ ಮೊಬೈಲ್ ಅಂಗಡಿ. ಹಾಡು ಕಟ್ಟುವಾಗ ಮಾತ್ರ ಅವನು ರ‍್ಯಾಪರ್. ಆಗಿನ ಹೆಸರೇ ಬೇರೆ, ನನ್ನ ನಾಲಿಗೆಗೆ ಅದು ಹೊರಳುವುದಿಲ್ಲ. ಮದುವೆಯ ಗದ್ದಲದಲ್ಲಿ ದನಿ ಸರಿಯಾಗಿ ಬಂದಿಲ್ಲ ಎಂದಾಗ, ಮರುದಿನ ಗೌರತ್ತೆಯನ್ನು ಕಾಡಿ ಬೇಡಿ ಒಳಮನೆಯಲ್ಲಿ ಕೂರಿಸಿ ಇನ್ನೊಮ್ಮೆ ಹಾಡಿಸಿದವಳು ನಾನೇ. ಹಾಡು ಹೊರಬಂದ ದಿನ ಕಂಡಕಂಡವರಿಗೆಲ್ಲ ಕಳಿಸಿದವಳೂ ನಾನೇ. ಸುಧಾಳ ಗಂಡನ ಮನೆಯವರ ಗ್ರೂಪಿಗೂ ಕಳಿಸಿ, ಕೆಳಗೆ ಚಪ್ಪಾಳೆಯ ಚಿತ್ರ ಬೇರೆ ಹಾಕಿದ್ದೆ. ಪೂರ್ತಿ ಕೇಳದೆ ಕಳಿಸಿದ್ದೆ ನೋಡಿ, ಅದು ನನ್ನ ಜಾಣತನ.

ಹಾಡಿನಲ್ಲಿ ಕೊನೆಯ ನುಡಿ ಇರಲಿಲ್ಲ. ಚೆನ್ನಮ್ಮನ ಉತ್ತರವೂ ಇರಲಿಲ್ಲ. ಗೌರತ್ತೆಯ ದನಿಯ ಜಾಗದಲ್ಲಿ ಬೆಂಗಳೂರಿನ ಹೆಸರಾದ ಗಾಯಕಿಯೊಬ್ಬಳು ಅತಿಥಿಯಾಗಿ ಬಂದು ಬೈಗುಳವನ್ನಷ್ಟೇ ನಾಲ್ಕು ಸಲ ಹಾಡಿ ಹೋಗಿದ್ದಳು. ವಾರದೊಳಗೆ ಶಾಲೆಯ ಮಕ್ಕಳು ತಟ್ಟೆ ಬಡಿದುಕೊಂಡು ಹಾಡತೊಡಗಿದರು. ಮಕ್ಕಳದು ಆಟ. ದೊಡ್ಡವರೊಬ್ಬರು ಚೆನ್ನಮ್ಮ ಸೆರಗು ಸಿಕ್ಕಿಸಿಕೊಂಡು ಮನೆಗೆ ಹೊರಟಿದ್ದನ್ನು ಹಿಂದಿನಿಂದ ಚಿತ್ರ ತೆಗೆದು, ಅದೇ ಹಾಡು ಸೇರಿಸಿ ಊರಿಗೆಲ್ಲ ಹಂಚಿದರು. ಅದು ಆಟವಲ್ಲ. ಬೇಳೆ ಅಳೆದು ನೋಡಬೇಕೆಂದು ಪೋಷಕರು ಬಂದು ನಿಂತ ದಿನ ಚೆನ್ನಮ್ಮ ಸೌಟು ಇಟ್ಟು ಮನೆಗೆ ಬಂದವರು ಮತ್ತೆ ಹೋಗಲಿಲ್ಲ. ಸೊಸೆಯೊಡನೆ ಮಾತು ಬಿಟ್ಟರು.

ನಾನು ಶಿರಾಳಕೊಪ್ಪಕ್ಕೆ ಹೋಗಿ ಮಂಜನ ಅಂಗಡಿಯಲ್ಲಿ ಕೂತೆ.

"ಚಿಕ್ಕಮ್ಮ, ಎಷ್ಟು ಜನ ನೋಡ್ಯಾರೆ ಗೊತ್ತೇನು? ನಮ್ಮ ಜಾನಪದ ಬೆಳೀತಾ ಐತೆ."

"ಆ ಹೆಸರು ತೆಗಿ."

"ಮೇಡಂ ಮತ್ತೆ ಹಾಡಬೇಕಾಗ್ತದೆ. ಅವರು ಸಿಗಲ್ಲ. ಮತ್ತೆ ಚೆನ್ನಮ್ಮ ಅಂದ್ರೆ ಬೀಟಿಗೆ ಭಾಳ ಚೆನ್ನಾಗಿ ಕೂರ್ತದೆ."

"ಕೊನೇ ನುಡಿ ಯಾಕೆ ಕತ್ತರಿಸಿದೆ?"

"ಅದು ಸ್ಲೋ ಆಯ್ತು, ಚಿಕ್ಕಮ್ಮ."

ಸ್ಲೋ ಆಯಿತಂತೆ. ಒಬ್ಬಳ ಮಾನ ಮರಳಿ ಕೊಡುವ ಎರಡು ಸಾಲು ಇವನಿಗೆ ನಿಧಾನವಾಯಿತು. ಬರೆದವರು ಯಾರು ಎಂಬಲ್ಲಿ 'ಸಾಂಪ್ರದಾಯಿಕ' ಎಂದು ಹಾಕಿದ್ದ. ಒಳಮನೆಯಲ್ಲಿ ಕೂತು ಹಾಡಿದ ಗೌರತ್ತೆ ಉಸಿರಾಡುತ್ತ ಇರುವಾಗಲೇ ಸಂಪ್ರದಾಯವಾಗಿ ಹೋಗಿದ್ದರು. ಆ ಗಾಯಕಿಯ ಮೇಲೂ ನನಗೆ ಸಿಟ್ಟಿದೆ. ಯಾರಮ್ಮ ಈ ಚೆನ್ನಮ್ಮ ಎಂದು ಬಾಯಿ ತೆರೆಯುವ ಮೊದಲು ಒಂದು ಮಾತು ಕೇಳಬಾರದಿತ್ತೇ? ನಾನು ಕೇಳಿದೆನೇ ಎಂದು ನೀವೆನ್ನಬಹುದು. ಇಲ್ಲ. ಆ ಸಿಟ್ಟು ಬೇರೆ ಇದೆ, ಅದನ್ನು ಯಾರ ಅಂಗಡಿಗೆ ಹೋಗಿ ಇಳಿಸಲಿ? ಅಕ್ಕನಿಗೆ ಹೇಳಿದರೆ, "ಹುಡುಗ ಮುಂದೆ ಬಂದ್ರೆ ನಿನಗ್ಯಾಕೆ ಹೊಟ್ಟೆಉರಿ?" ಎಂದಳು.

ಇಷ್ಟನ್ನೂ ಆ ಭಾನುವಾರ ಗೌರತ್ತೆಗೆ ಹೇಳಿದೆ. ಅವರು ಬೈಯಲಿಲ್ಲ. ಅವರು ಬೈಯದ್ದು ನಾನು ಕಂಡದ್ದು ಅದೇ ಮೊದಲು. ಸೋಮವಾರ ಸಕ್ಕರೆ ಪೊಟ್ಟಣ ಕಟ್ಟಿಕೊಂಡು ನನ್ನನ್ನು ಎಳೆದುಕೊಂಡು ಆನವಟ್ಟಿ ಬಸ್ಸು ಹತ್ತಿದರು.

ಚೆನ್ನಮ್ಮ ನೀರು ಕೊಟ್ಟರು, ಚಾಪೆ ಹಾಸಿದರು. ಸಕ್ಕರೆ ಮಾತ್ರ ಮುಟ್ಟಲಿಲ್ಲ.

"ನಿಮ್ಮ ಮೇಲೆ ಸಿಟ್ಟಿಲ್ಲ, ಗೌರಮ್ಮನೋರೆ. ನೀವು ಬೈದ್ರಿ, ನಾನೂ ಬೈದೆ, ಮುಗೀತು. ಈಗ ಹಾಡ್ತಿರೋರಿಗೆ ನಾನು ಹೆಂಗೆ ತಿರುಗಿ ಹಾಡ್ಲಿ? ಅವರಿಗೆ ಕಿವಿ ಎಲ್ಲಿದೆ? ಬಡಿಸೋ ಕೈಗೆ ಕಳ್ಳಿ ಅಂತ ಹೆಸರು ಬಂದ್ರೆ ಸಕ್ಕರೆ ಗಂಟಲಲ್ಲಿ ಇಳಿಯುತ್ತಾ, ನೀವೇ ಹೇಳಿ."

ಗೌರತ್ತೆ ಸಕ್ಕರೆ ಪೊಟ್ಟಣವನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದರು.

ಈ ತಿಂಗಳ ಮೊದಲಲ್ಲಿ ಮಂಜನದೇ ಮದುವೆ. ಹೆಣ್ಣು ಸೊರಬದ ಕಡೆಯವಳು. ಭೂಮಕ್ಕೆ ಎಲೆ ಹಾಕಿದರು, ಬಡಿಸಿದರು. ಬೀಗಿತ್ತಿಯಾದ ನನ್ನ ಅಕ್ಕ ಬೈಸಿಕೊಳ್ಳಲು ತಲೆ ತುಂಬ ಹೂ ಮುಡಿದು ಕೂತಳು. ಹೆಣ್ಣಿನ ಕಡೆಯ ಹೆಂಗಸರು ತಲೆ ಬಗ್ಗಿಸಿ ಉಣ್ಣತೊಡಗಿದರು. ನಮ್ಮ ಕಡೆ ಗೌರತ್ತೆಯೂ ಅನ್ನ ಕಲಸಿದರು. ಅಕ್ಕ ಸ್ವಲ್ಪ ಹೊತ್ತು ಕಾದಳು.

"ಯಾಕ್ರಿ, ನಮ್ಮನ್ನ ಬೈಯೋರು ಯಾರೂ ಇಲ್ವೇನ್ರಿ?"

ಹುಡುಗಿಯ ದೊಡ್ಡಮ್ಮ ಮೆಲ್ಲಗೆ ಹೇಳಿದರು: "ಬೈತಿದ್ವಿ ಕಣಮ್ಮ. ನಿಮ್ಮ ಹುಡುಗನ ಹತ್ರ ಫೋನಿದೆಯಲ್ಲ."

ಅಕ್ಕ ಗೌರತ್ತೆಯತ್ತ ನೋಡಿದಳು. "ಅನ್ನ ಆರ್ತದೆ, ಉಣ್ಣು," ಎಂದರು ಗೌರತ್ತೆ. ಅಷ್ಟು ಜನ ಕೂತ ಪಂಕ್ತಿಯಲ್ಲಿ ಸಾರಿನ ಸೌಟಿನ ಸದ್ದು ಕೇಳುತ್ತಿತ್ತು. ಅಕ್ಕ ಒಂದು ತುತ್ತೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಂಜ ಹಾಡನ್ನು ತೆಗೆದ. ಬೇರೆಯವರು ಇಳಿಸಿಕೊಂಡದ್ದು ಬೀದಿಯಲ್ಲಿ ಈಗಲೂ ಓಡಾಡುತ್ತಿದೆ. ಅಕ್ಕ ಅಷ್ಟಕ್ಕೇ ಬಿಡದೆ, ಮಗನ ಕೈಯ ಕಂಕಣ ಬಿಚ್ಚುವ ಮೊದಲೇ ಅವನನ್ನು ಮುಂದಿಟ್ಟುಕೊಂಡು ಆ ಶಾಲೆಗೆ ಹೋದಳು. ಊಟಕ್ಕೆ ಸಾಲಾಗಿ ಕೂತ ಮಕ್ಕಳ ಮುಂದೆ, ಮೇಷ್ಟ್ರ ಮುಂದೆ, ಬೇಳೆ ಅಳೆಯಲು ಬಂದಿದ್ದ ಪೋಷಕರನ್ನೂ ಕರೆಸಿ ಅವರ ಮುಂದೆ, ಆ ಲಾಡಿನ ಮಾತು ಮದುವೆಯ ತಮಾಷೆ, ಅರ್ಧ ಕತ್ತರಿಸಿ ಹಾಕಿದ್ದು ನನ್ನ ತಪ್ಪು ಎಂದು ಅವನ ಬಾಯಿಂದಲೇ ಹೇಳಿಸಿದಳು. ರ‍್ಯಾಪರನ ದನಿ ಹಿಂದಿನ ಸಾಲಿಗೆ ಕೇಳಲಿಲ್ಲವಂತೆ. ಅಕ್ಕ ಇನ್ನೊಮ್ಮೆ ಹೇಳಿಸಿದಳಂತೆ.

ಗುರುವಾರ ಚೆನ್ನಮ್ಮ ಕೆಲಸಕ್ಕೆ ಹೋದರು. ಶನಿವಾರ ಸುಧಾಳನ್ನು ಕರೆದೊಯ್ಯಲು ತಾವೇ ಬಂದರು. ನನ್ನನ್ನು ಮಾತಾಡಿಸಲಿಲ್ಲ.