ಅರ್ಧ ಮುದ್ದೆಯ ಹಾಲೇಶಪ್ಪ

ನನ್ನ ಮೈದುನ ಹಾಲೇಶಪ್ಪ ಏದುಸಿರು ಬಿಡುವುದನ್ನು ಯಾರೂ ನೋಡಬಾರದಿತ್ತು. ಏರುದಾರಿ ಬಂದರೆ ಸಾಕು, ನಿಂತು ಚಪ್ಪಲಿಯ ಬಾರು ಸರಿಮಾಡುವನು. ಇಲ್ಲವೆ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನು ಪರೀಕ್ಷೆಗೆ ಕೂರುವವನಂತೆ ಓದುವನು. ಉಸಿರು ಹದಕ್ಕೆ ಬಂದ ಮೇಲೆ ಮುಂದಕ್ಕೆ. ಒಂದು ದಿನ ಸಂತೆಯಿಂದ ಬರುವಾಗ ಮೂರು ಸಲ ಚಪ್ಪಲಿ ಸರಿಮಾಡಿದ. "ಅದನ್ನ ಬಿಸಾಕಿ ಬರಿಗಾಲಲ್ಲಿ ನಡಿ ಮಾರಾಯ, ಬೇಗ ಮನೆ ಸೇರ್ತೀಯ" ಎಂದೆ. ಮನೆ ಮುಟ್ಟುವವರೆಗೆ ಮಾತಾಡಲಿಲ್ಲ. ಸಿಟ್ಟು ಬಂದಿತ್ತು, ಮಾತಾಡಲು ಉಸಿರೂ ಇರಲಿಲ್ಲ.

ಆಗ ನಾವು ಭದ್ರಾವತಿಯಲ್ಲಿದ್ದೆವು. ನನ್ನ ಗಂಡ, ಇವನು, ಇಬ್ಬರೂ ಒಂದೇ ಎರಕದ ಕಾರ್ಖಾನೆಗೆ ಹೋಗುತ್ತಿದ್ದರು. ಹಾಲೇಶಪ್ಪ ಕ್ರೇನ್ ಡ್ರೈವರ್. ಐವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ, ಶೆಡ್ಡಿನ ಸೂರಿನ ಕೆಳಗೆ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ಕೊಪ್ಪರಿಗೆಯನ್ನು ಈ ತುದಿಯಿಂದ ಆ ತುದಿಗೆ ಸಾಗಿಸುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ನಾನಂತೂ ಇಲ್ಲ. ಅಲ್ಲಿ ಮೇಲೆ ಕೂತಾಗ ಮಾತ್ರ ನಲವತ್ತು ಜನ ಕತ್ತೆತ್ತಿ ಅವನನ್ನು ನೋಡುತ್ತಿದ್ದರು.

ಅವನಿಗೆ ನಲವತ್ತೊಂಬತ್ತು ತುಂಬಿದ ವರ್ಷ ಕಾರ್ಖಾನೆಗೆ ಹೊಸ ಡಾಕ್ಟರು ಬಂದರು. ಇವನನ್ನು ತೂಕಕ್ಕೆ ನಿಲ್ಲಿಸಿದರೆ ಎಂಬತ್ತೆಂಟು ಕೆಜಿ. ಬಿಪಿ ಬೇರೆ. ಆರು ತಿಂಗಳಲ್ಲಿ ಎಪ್ಪತ್ತೆಂಟಕ್ಕೆ ಇಳಿಯಬೇಕು, ಏಣಿಯನ್ನು ಎಲ್ಲೂ ನಿಲ್ಲದೆ ಹತ್ತಿ ತೋರಿಸಬೇಕು, ಆಗದಿದ್ದರೆ ಕೆಳಗೆ ಸ್ಟೋರಿನಲ್ಲಿ ನಟ್ಟು ಬೋಲ್ಟು ಕೊಡುತ್ತ ಕೂರಬೇಕು ಎಂದರು.

"ಸಂಬಳ ಅಷ್ಟೇ ಅಂತೆ. ಕೂತ್ಕೋ. ಬೆಂಕಿ ಮೇಲೆ ಕೂರೋದು ತಪ್ಪಿತು" ಎಂದೆ ನಾನು.

"ಸ್ಟೋರಿಗೆ ಹೋದೋರು ಯಾರಾದ್ರೂ ವಾಪಸ್ ಮೇಲೆ ಹತ್ತಿದ್ದು ಉಂಟಾ ಅತ್ತಿಗೆ? ಒಂದ್ಸಲ ಇಳಿಸಿದ್ರೆ ಆಯ್ತು, ಇಳಿಸಿದ ಹಂಗೇ."

ಮಾರನೇ ದಿನದಿಂದ ನಡೆಯಲು ಶುರು ಮಾಡಿದ. ದಿನಾ ಬೆಳಿಗ್ಗೆ ಹೊಳೆಯ ಸೇತುವೆಯವರೆಗೆ, ಭಾನುವಾರ ಶಿವಮೊಗ್ಗದ ರಸ್ತೆ ಹಿಡಿದು ಮಲವಗೊಪ್ಪದ ತನಕ. ಆ ಕಾಲದಲ್ಲಿ ಸುಮ್ಮನೆ ನಡೆಯುವವನನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. "ಹಾಲೇಶಣ್ಣ, ಬಸ್ ತಪ್ತಾ?" ಎಂದು ಕೇಳುವರು. ಇವನು "ಹೂಂ" ಎನ್ನುವನು. ಗುರುತಿನ ಕಂಡಕ್ಟರು ಬಸ್ಸನ್ನೇ ನಿಲ್ಲಿಸಿ "ಹತ್ತಿ ಹತ್ತಿ" ಎಂದರೆ ಬೇಡ ಎನ್ನಲು ನಾಚಿಕೆಯಾಗಿ ಎರಡು ಭಾನುವಾರ ಹತ್ತಿಯೂ ಬಿಟ್ಟ. ಆಮೇಲೆ ರಸ್ತೆಯ ಬಲಗಡೆ, ಬಸ್ಸಿಗೆ ಎದುರಾಗಿ ನಡೆಯುವುದನ್ನು ಕಲಿತ.

ಊಟಕ್ಕೆ ಅರ್ಧ ಮುದ್ದೆ ಎಂದು ಅವನೇ ಗೊತ್ತುಮಾಡಿಕೊಂಡ. ನನ್ನ ಕೈಗೆ ಒಂದೇ ಅಳತೆ ಗೊತ್ತು. ಚಿಕ್ಕದು ಕಟ್ಟು ಎಂದರೆ ಕೈ ಕೇಳುವುದಿಲ್ಲ. ಪೂರ್ತಿ ಕಟ್ಟಿ, ಸೌಟು ಒದ್ದೆ ಮಾಡಿ ನಡುವೆ ಕತ್ತರಿಸಿ ಹಾಕುತ್ತಿದ್ದೆ. ಅವನು ಉಳಿದರ್ಧದ ಕಡೆ ನೋಡದೆ ಎದ್ದುಹೋಗುತ್ತಿದ್ದ.

ಎರಡೂವರೆ ತಿಂಗಳಾದ ಮೇಲೆ ತೂಕ ನೋಡಿದರೆ ಇಳಿದಿದ್ದು ಒಂದೇ ಕೆಜಿ. ಅವತ್ತು ನನ್ನ ಮಂಡಿ ನೋವಿಗೆ ಔಷಧಿ ತರಲು, ಗೇಟಿನ ಹೊರಗಿದ್ದ ಕಾರ್ಖಾನೆಯ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಯ ನರ್ಸು ಸಣ್ಣ ಹುಡುಗಿ, ಬಾಯಿ ಜೋರು. "ನಿಜ ಹೇಳಿ, ಹೋಟ್ಲಲ್ಲಿ ಏನು ತಿಂತೀರಾ?" ಎಂದು ದಬಾಯಿಸಿದಳು. ಇವನ ಮುಖ ಬೂದಿಯಾಯಿತು. ನನಗೆ ತಡೆಯಲಾಗಲಿಲ್ಲ.

"ಅವನು ಹೋಟ್ಲು ಮೆಟ್ಟಲು ಹತ್ತಲ್ಲ ಕಣಮ್ಮ. ಅರ್ಧ ಮುದ್ದೆ ತಿಂತಾನೆ. ಹಸಿವಾದ್ರೆ ಒಂದು ತಂಬಿಗೆ ಅಂಬಲಿ ಕುಡೀತಾನೆ, ಅಷ್ಟೇ."

"ದಿನಕ್ಕೆ ಎಷ್ಟು ತಂಬಿಗೆ?"

"ನಾಲ್ಕಾಗಬಹುದು. ಕ್ರೇನಿಗೂ ಒಂದು ಕ್ಯಾನು ಒಯ್ತಾನೆ. ಅಂಬಲಿ ಏನು ಊಟನಾ? ನೀರು."

"ರಾಗಿ ಹಿಟ್ಟು ನೀರಲ್ಲಿ ಕದಡಿದ್ರೆ ಎಲ್ಲಿಗೆ ಹೋಗುತ್ತಮ್ಮಾ? ತುಂಗಭದ್ರೆಗಾ?" ಎಂದು ನಕ್ಕಳು.

ನಗು ಬರಲಿಲ್ಲ ನನಗೆ. ಅವಳಿಗೆ ಹೇಳದ ಮಾತೊಂದು ಬೇರೆ ಇತ್ತು. ದಿನದಿಂದ ದಿನಕ್ಕೆ ನಾನು ಅಂಬಲಿಯನ್ನು ಗಟ್ಟಿ ಮಾಡುತ್ತ ಬಂದಿದ್ದೆ. ಸೌಟು ನಿಲ್ಲುವಷ್ಟು. ಪ್ರೀತಿಗೀತಿ ಏನಲ್ಲ, ಹಸಿದ ಗಂಡಸು ಮನೆಯಲ್ಲಿ ಓಡಾಡುತ್ತಿದ್ದರೆ ನನಗೆ ಆಗುವುದಿಲ್ಲ.

ದಾರಿಯಲ್ಲಿ ಅವನೇ ಕೇಳಿದ: "ಗಟ್ಟಿ ಯಾಕೆ ಮಾಡಿದ್ರಿ ಅತ್ತಿಗೆ?" ಕುಡಿಯುವವನಿಗೆ ಗೊತ್ತಾಗದೆ ಇರುತ್ತದೆಯೇ.

"ಹಸಿದ ಮುಖ ಹೊತ್ಕೊಂಡು ತಿರುಗ್ತಿದ್ದೆ ನೀನು."

"ಇನ್ಮೇಲೆ ನನ್ನ ಮುಖ ನೋಡಿ ಬಡಿಸ್ಬೇಡಿ. ತಟ್ಟೆ ನೋಡಿ ಬಡಿಸಿ."

ನಲವತ್ತು ವರ್ಷ ಒಲೆ ಮುಂದೆ ಕೂತಿದ್ದೇನೆ, ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಕೆಟ್ಟ ಸಿಟ್ಟು ಬಂತು. ಆದರೆ ಅವತ್ತಿನಿಂದ ಅಂಬಲಿ ನಿಲ್ಲಿಸಿ ನೀರು ಮಜ್ಜಿಗೆ ಕೊಟ್ಟೆ. ಉಳಿದ ದಿನಗಳಲ್ಲಿ ಅವನ ಅಂಗಿ ಸಡಿಲವಾಯಿತು, ಕೆನ್ನೆ ಒಳಗೆ ಹೋಯಿತು. "ಅತ್ತಿಗೆ ಅನ್ನ ಹಾಕಲ್ವಂತೆ" ಎಂದು ಕೇರಿಯವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಆರನೇ ತಿಂಗಳು ತೂಕ ಎಪ್ಪತ್ತೊಂಬತ್ತಕ್ಕೆ ನಿಂತಿತು. ಒಂದು ಕೆಜಿ ಜಾಸ್ತಿ. ಡಾಕ್ಟರು ಏಣಿ ತೋರಿಸಿದರಂತೆ. ಕೆಳಗೆ ಜನ ಕೆಲಸ ಬಿಟ್ಟು ನಿಂತರಂತೆ. ಐವತ್ತೆರಡು ಮೆಟ್ಟಿಲನ್ನೂ ಒಂದೇ ಸಮ ಹತ್ತಿದ. ನನ್ನ ಗಂಡ ಇದನ್ನು ನಾಲ್ಕು ಸಲ ಹೇಳಿದರು. ಹಾಲೇಶಪ್ಪ ಹೇಳಿದ್ದು "ಮೇಲೆ ಹತ್ತೋಕೆ ಬಿಟ್ರು ಅತ್ತಿಗೆ" ಎಂದಷ್ಟೇ.

ಹೆಂಗಸರನ್ನು ಕಾರ್ಖಾನೆಯ ಒಳಗೆ ಬಿಡುತ್ತಿದ್ದುದು ಆಯುಧಪೂಜೆಗೆ ಮಾತ್ರ. ಆ ವರ್ಷ ನಾನೂ ಹೋಗಿ ನೋಡಿದೆ. ಇವನು ಕ್ಯಾಬಿನ್ನಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದ. ಕೆಳಗಿನಿಂದ ಕೈಬೀಸಿದೆ, ನೋಡಲಿಲ್ಲ. ಮೇಲಿದ್ದಾಗ, ಕೆಳಗೆ ನಿಂತು ಕ್ರೇನಿಗೆ ಸನ್ನೆ ಕೊಡುವವನ ಕೈ ಬಿಟ್ಟು ಬೇರೆಯವರ ಕೈ ನೋಡುವ ಅಭ್ಯಾಸವೇ ಇಲ್ಲವಂತೆ.

ಹದಿನಾಲ್ಕು ತಿಂಗಳು ಕಳೆಯಿತು. ಕಾರ್ಖಾನೆಗೆ ಆರ್ಡರು ನಿಂತು ಕುಲುಮೆ ಆರಿಸಿದರು. ಎಲ್ಲರನ್ನೂ ಮನೆಗೆ ಕಳಿಸಿದರು. ಹಾಲೇಶಪ್ಪ ಗಾಜನೂರಿನಲ್ಲಿದ್ದ ತನ್ನ ತಂಗಿಯ ಮನೆ ಸೇರಿದ.

ಮೂರು ವರ್ಷದ ನಂತರ ಗಾಜನೂರಿಗೆ ಒಂದು ಮದುವೆಗೆ ಹೋಗಿದ್ದಾಗ ಸಿಕ್ಕಿದ. ಅದೇ ಕೊನೆ. ಬಸ್ಸಿಗೆ ಕಾಯುತ್ತ ನಿಂತಿದ್ದೆವು. ನನ್ನ ಬಾಯಿ ಸುಮ್ಮನಿರುತ್ತದೆಯೇ, ಕೇಳಿದೆ: "ಹದಿನಾಲ್ಕು ತಿಂಗಳಿಗೋಸ್ಕರ ಆರು ತಿಂಗಳು ಉಪವಾಸ ಬಿದ್ದೆಯಲ್ಲೋ. ಏನು ಬಂತು?"

"ಕುಲುಮೆ ಆರಿಸಿದ್ರು, ಎಲ್ರೂ ಇಳಿದ್ರು. ನನ್ನೊಬ್ಬನ್ನೇ ಕರೆದು ಇಳಿಸ್ಲಿಲ್ಲ ಅತ್ತಿಗೆ. ಅದು ದೊಡ್ಡದಲ್ವಾ?"

ಅಷ್ಟರಲ್ಲಿ ಬಸ್ಸು ಬಂತು. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಹತ್ತಿಬಿಟ್ಟೆ. ಮರು ಬೇಸಿಗೆಯಲ್ಲಿ ಅವನು ಕಾಮಾಲೆಯಾಗಿ ತೀರಿಕೊಂಡ. ಅವತ್ತು ಅವನ ಮಾತಿಗೆ ಹೌದು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು.